ಫ್ಲಾಟ್‌ಹೆಡ್ ಜೀಪ್ ಎಂಜಿನ್ನಿನ ಗಾಳಿದಾರಿ ಸರಿಪಡಿಸುವ ಬಗೆ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿರುವ ನಮ್ಮ ಲೇತ್ ಅಂಗಡಿಗೆ ವರ್ಷಕ್ಕೆ ಮೂರೋ ನಾಲ್ಕೋ ಹಳೆಯ ವಿಲ್ಲಿಸ್ ಜೀಪುಗಳು ಬರುತ್ತವೆ. ತರುವವರದು ಬಹುಪಾಲು ಒಂದೇ ದೂರು. ಹೋದ ಸುಗ್ಗಿಯ ಹೊತ್ತಿಗೆ ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಹೇಳಿದ್ದೂ ಅದನ್ನೇ: "ಅಣ್ಣಾ, ಸಮತಟ್ಟಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಏರು ಸಿಕ್ಕಿತೆಂದರೆ ಉಸಿರು ಕಟ್ಟಿದ ಹಾಗೆ ಆಗುತ್ತದೆ." ಅವರ ತಾತ ಗೂಡು ಸಾಗಿಸಲು ಕೊಂಡ ಗಾಡಿ ಅದು. ಉಸಿರು ಕಟ್ಟುತ್ತದೆ ಎಂದು ಅವರು ಹೇಳಿದ ಮಾತು ಅಕ್ಷರಶಃ ನಿಜ. ಈ ಎಂಜಿನ್ನಿಗೆ ಕಸುವು ಕಡಿಮೆಯಿಲ್ಲ, ಗಾಳಿ ಒಳಗೆ ಹೋಗುವ ದಾರಿಯೇ ವಕ್ರ. ಆ ವಕ್ರತೆಯನ್ನು ಎಷ್ಟು ತಿದ್ದಬಹುದು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ನಾನು ಮಾಡಿಕೊಂಡು ಬಂದ ರೀತಿಯಲ್ಲೇ ಬರೆಯುತ್ತೇನೆ.

ಮೊದಲು ನಿಮ್ಮ ಬಾನೆಟ್ಟಿನ ಕೆಳಗಿರುವುದು ಯಾವ ಎಂಜಿನ್ ಎಂದು ಖಚಿತಪಡಿಸಿಕೊಳ್ಳಿ. ಮಹೀಂದ್ರದವರು 1947ರಲ್ಲಿ ಮುಂಬಯಿಯಲ್ಲಿ ಜೋಡಿಸಲು ಶುರುಮಾಡಿದ ವಿಲ್ಲಿಸ್ ಜೀಪುಗಳಲ್ಲಿ ಇದ್ದದ್ದು 'ಗೋ ಡೆವಿಲ್' ಎಂಬ ಸೈಡ್ ವಾಲ್ವ್ ಎಂಜಿನ್. ಗಾಳಿ ಒಳಬಿಡುವ ಇನ್‌ಲೆಟ್, ಹೊಗೆ ಹೊರಬಿಡುವ ಎಗ್ಸಾಸ್ಟ್ ಎರಡೂ ವಾಲ್ವ್‌ಗಳು ಸಿಲಿಂಡರುಗಳಿರುವ ಬ್ಲಾಕಿನಲ್ಲೇ ತಲೆ ಮೇಲೆ ಮಾಡಿ ನಿಂತಿರುತ್ತವೆ, ಹೆಡ್ ಎಂಬುದು ಬರೀ ಮುಚ್ಚಳ. ಅದಕ್ಕೇ ಫ್ಲಾಟ್‌ಹೆಡ್ ಎಂಬ ಹೆಸರು. ಆಮೇಲೆ ಬಂದ, ಎತ್ತರದ ಬಾನೆಟ್ಟಿನ ಸಿಜೆ-3ಬಿ ಗಾಡಿಯಲ್ಲಿರುವುದು 'ಹರಿಕೇನ್'. ಅದರಲ್ಲಿ ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿದೆ, ಎಗ್ಸಾಸ್ಟ್ ಮಾತ್ರ ಬ್ಲಾಕಿನಲ್ಲಿ. ಇಲ್ಲಿ ಬರೆದಿರುವುದು ಗೋ ಡೆವಿಲ್‌ಗೆ. ಎರಡನೆಯದಕ್ಕೆ ಇದರಲ್ಲಿ ಅರ್ಧ ಮಾತ್ರ ಹೊಂದುತ್ತದೆ.

ಗೋ ಡೆವಿಲ್ ಲೆಕ್ಕ ಹೀಗಿದೆ: 2199 ಸಿಸಿ, ಬೋರ್ (ಸಿಲಿಂಡರಿನ ಒಳ ಅಗಲ) 79.4 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 111.1 ಮಿ.ಮೀ., ಕಂಪ್ರೆಷನ್ (ಒಳಬಂದ ಗಾಳಿಯನ್ನು ಎಷ್ಟು ಪಾಲು ಹಿಂಡುತ್ತದೆಂಬ ಲೆಕ್ಕ) 6.48ಕ್ಕೆ 1, ನಿಮಿಷಕ್ಕೆ 4000 ಸುತ್ತಿನಲ್ಲಿ 60 ಅಶ್ವಶಕ್ತಿ. ಇದೇ ಎಂಜಿನ್ ಮೊದಲು 48 ಅಶ್ವಶಕ್ತಿಯದಾಗಿತ್ತು. ವಿಲ್ಲಿಸ್ ಕಂಪನಿಯ ಎಂಜಿನಿಯರ್ ಬಾರ್ನಿ ರೂಸ್ ಹೊಸ ಎಂಜಿನ್ ಮಾಡದೆ, ಇದ್ದುದನ್ನೇ ಒಂದೊಂದಾಗಿ ತಿದ್ದಿ 60ಕ್ಕೆ ಏರಿಸಿದರು. ಆದರೆ ಆ 60 ಸಮುದ್ರಮಟ್ಟದ ಗಾಳಿಗೆ ಹೇಳಿದ ಮಾತು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಡಿಮೆ. 1478 ಮೀಟರ್ ಎತ್ತರದ ನಂದಿ ಬೆಟ್ಟದ ನೆತ್ತಿಯಲ್ಲಿ ಇನ್ನೂ ಕಡಿಮೆ. ಸಿಗುವ ಗಾಳಿಯೇ ತೆಳ್ಳಗಿರುವ ಊರಿನಲ್ಲಿ ಅದರ ದಾರಿಯೂ ಕಿರಿದಾದರೆ ಏರಿನಲ್ಲಿ ಗಾಡಿ ಸೋಲದೆ ಇರುತ್ತದೆಯೇ?

ಈಗ ಆ ದಾರಿಯನ್ನು ಕಣ್ಣಿಗೆ ತಂದುಕೊಳ್ಳಿ. ಕಾರ್ಬುರೇಟರಿನಿಂದ ಇಳಿದ ಗಾಳಿ ಕವಲುಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ತಿರುಗಿ ಬ್ಲಾಕಿನ ಪೋರ್ಟಿಗೆ, ಅಂದರೆ ಗಾಳಿಕಿಂಡಿಗೆ, ಅಡ್ಡವಾಗಿ ನುಗ್ಗುತ್ತದೆ. ಅಲ್ಲಿಂದ ನೇರ ಮೇಲಕ್ಕೆ ತಿರುಗಿ ವಾಲ್ವಿನ ಸುತ್ತ ಹಾಯಬೇಕು. ಮೇಲೆ ಹೆಡ್ಡಿನ ಚಾವಣಿಗೆ ತಗುಲಿ ಮತ್ತೆ ಅಡ್ಡ ತಿರುಗಬೇಕು. ಕೊನೆಗೆ ಬ್ಲಾಕಿನ ಅಂಚನ್ನು ದಾಟಿ ಸಿಲಿಂಡರಿನೊಳಗೆ ಕೆಳಕ್ಕೆ ಬೀಳಬೇಕು. ಕೆರೆಯ ತೂಬು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತೂಬಿನ ಬಾಯಿ ಎಷ್ಟೇ ಅಗಲವಿರಲಿ, ಒಳಗಿನ ಕಲ್ಲಿನ ಮೂಲೆ ಚೂಪಾಗಿದ್ದರೆ ನೀರು ಅಲ್ಲಿ ಸುಳಿ ತಿರುಗಿ ನಿಲ್ಲುತ್ತದೆ. ಆ ಮೂಲೆಯನ್ನು ಉರುಟು ಮಾಡಿದರೆ ಅದೇ ತೂಬಿನಲ್ಲಿ ಹೆಚ್ಚು ನೀರು ಹರಿಯುತ್ತದೆ. ಆದ್ದರಿಂದ ಪೋರ್ಟನ್ನು ದೊಡ್ಡದು ಮಾಡಲು ಹೋಗಬೇಡಿ, ತಿರುವುಗಳನ್ನು ನಯ ಮಾಡಿ. ಈ ಕೆಲಸದ ಜೀವಾಳವೇ ಇದು.

ಬಿಚ್ಚುವ ಮುನ್ನ ಒಂದು ಎಚ್ಚರಿಕೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯಂತೆ, 50 ವರ್ಷ ಮೀರಿದ ವಾಹನಕ್ಕೆ ವಿಂಟೇಜ್ ನೋಂದಣಿ ಬೇಕಾದರೆ ಅದು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಆ ನೋಂದಣಿಯ ಆಸೆಯಿದ್ದವರು ಬ್ಲಾಕಿಗೆ ಸಾಣೆ ಹಿಡಿಯುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಲಿ. ಹೆಡ್ಡಿನ ಮಟ್ಟಿಗೆ ನಾನು ಎಲ್ಲರಿಗೂ ಹೇಳುವುದು ಒಂದೇ: ಗುಜರಿಯಲ್ಲಿ ಇನ್ನೊಂದು ಹೆಡ್ ಹುಡುಕಿ ಅದರ ಮೇಲೆ ಕೆಲಸ ಮಾಡಿಸಿ. ಮೂಲದ್ದಕ್ಕೆ ಗ್ರೀಸ್ ಬಳಿದು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ.

ಎಂಜಿನ್ ಪೂರ್ತಿ ಬಿಚ್ಚಿ, ಕ್ರ್ಯಾಂಕ್, ಪಿಸ್ಟನ್, ವಾಲ್ವ್ ಎಲ್ಲ ತೆಗೆದು, ಬ್ಲಾಕನ್ನು ತೊಳೆದ ಮೇಲೆ ಮೊದಲ ಕೆಲಸ ಬಿರುಕು ಹುಡುಕುವುದು. ಫ್ಲಾಟ್‌ಹೆಡ್ ಬ್ಲಾಕುಗಳು ಸೀಳುವುದು ಹೆಚ್ಚಾಗಿ ಎಗ್ಸಾಸ್ಟ್ ವಾಲ್ವ್ ಕೂರುವ ಸೀಟಿಗೂ ಬೋರಿಗೂ ನಡುವಿನ ಕಿರು ಜಾಗದಲ್ಲಿ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಆ ಜಾಗಕ್ಕೆ ಸೀಮೆಎಣ್ಣೆಯನ್ನು ಬ್ರಷ್ಷಿನಿಂದ ಬಳಿದು ಹತ್ತು ನಿಮಿಷ ಬಿಡಿ. ಒಣ ಬಟ್ಟೆಯಿಂದ ಒಂದು ಹನಿಯೂ ಉಳಿಯದಂತೆ ಒರೆಸಿ. ಆಮೇಲೆ ಸೀಮೆಸುಣ್ಣವನ್ನು ಪುಡಿಮಾಡಿ ತೆಳುವಾಗಿ ಸವರಿ ಕಾಯಿರಿ. ಬಿರುಕಿದ್ದರೆ ಒಳಗೆ ಅಡಗಿದ ಎಣ್ಣೆ ಮೇಲಕ್ಕೆ ಜಿನುಗಿ, ಬಿಳಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಮೂಡುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು, ಸ್ವಲ್ಪ ಹೆಚ್ಚು ಹೊತ್ತು ಬಿಡಬೇಕು. ಗೆರೆ ಕಂಡ ಬ್ಲಾಕನ್ನು ಮೊದಲು ಬಿರುಕು ಹೊಲಿಯುವವರ ಹತ್ತಿರ ಒಯ್ಯಿರಿ. ಅದರ ಮೇಲೆ ಗ್ರೈಂಡರ್ ಹಿಡಿಯಬೇಡಿ.

ಬಿರುಕಿಲ್ಲವೆಂದಾದರೆ ಈಗಿನ ಗಾಳಿಹರಿವು ಎಷ್ಟು ಎಂದು ಅಳೆದಿಟ್ಟುಕೊಳ್ಳಬೇಕು. ಅಳತೆಯಿಲ್ಲದೆ ಮಾಡಿದ ಪೋರ್ಟಿಂಗ್ (ಪೋರ್ಟು ತಿದ್ದುವ ಕೆಲಸ) ಬರೀ ನಂಬಿಕೆ. ನನ್ನ ಬಳಿ ಇರುವುದು ಮನೆಯಲ್ಲಿ ಬಳಸುವ ವ್ಯಾಕ್ಯೂಮ್ ಕ್ಲೀನರ್, ಒಂದು ಮರದ ಬೆಣೆ ಮತ್ತು 'ಯು' ಆಕಾರಕ್ಕೆ ಬಗ್ಗಿಸಿ ಹಲಗೆಗೆ ಬಿಗಿದ ಪಾರದರ್ಶಕ ಪೈಪು. ಪೈಪಿನಲ್ಲಿ ಕುಂಕುಮ ಕಲಸಿದ ನೀರು. ಮರದ ಬೆಣೆಯನ್ನು ಬೋರಿನ ಅಳತೆಗೆ ಲೇತಿನಲ್ಲಿ ಕಡೆದು, ಗಾಳಿ ಸೋರದಂತೆ ಸೈಕಲ್ ಟ್ಯೂಬ್ ಸುತ್ತಿ, ಸಿಲಿಂಡರಿನ ಕೆಳಗಿನಿಂದ ತುರುಕುತ್ತೇನೆ. ಬೆಣೆಗೆ ಎರಡು ತೂತು: ದೊಡ್ಡದಕ್ಕೆ ಕ್ಲೀನರಿನ ಕೊಳವೆ, ಸಣ್ಣದಕ್ಕೆ ನೀರಿನ ಪೈಪು. ಮೇಲೆ ಹಳೆಯ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಿ, ಪ್ಲಗ್ಗುಗಳನ್ನು ಹಾಕಿ ಬಿಗಿಯಬೇಕು. ವಾಲ್ವಿಗೆ ಮೆತ್ತನೆಯ ಸ್ಪ್ರಿಂಗ್ ಹಾಕಿ, ಕಾಂಡದ ಕೆಳಗೆ ದಪ್ಪ ಗೊತ್ತಿರುವ ಉಕ್ಕಿನ ತುಂಡುಗಳನ್ನು ಕೊಟ್ಟು 2, 4, 6, 8 ಮಿ.ಮೀ. ಎತ್ತರಕ್ಕೆ ಒಂದೊಂದು ಸಲ ತೆರೆಯಬೇಕು. ಉಳಿದ ವಾಲ್ವ್‌ಗಳೆಲ್ಲ ಗಟ್ಟಿಯಾಗಿ ಮುಚ್ಚಿರಲಿ. ಕ್ಲೀನರ್ ಹಾಕಿದಾಗ ನೀರಿನ ಎರಡು ಗೆರೆಗಳ ನಡುವೆ ಎಷ್ಟು ಅಂತರ ಬರುತ್ತದೆಂದು ಬರೆದುಕೊಳ್ಳಿ. ದಾರಿ ಬಿಗಿಯಾಗಿದ್ದಷ್ಟೂ ಅಂತರ ಹೆಚ್ಚು, ದಾರಿ ಸಲೀಸಾದಂತೆ ಅಂತರ ಇಳಿಯುತ್ತದೆ. ನಮ್ಮಲ್ಲಿ ಸಂಜೆ ಹೊತ್ತು ವೋಲ್ಟೇಜ್ ಏರಿಳಿಯುವುದರಿಂದ ಸ್ಟೆಬಿಲೈಜರ್ ಇಲ್ಲದೆ ಈ ಅಳತೆ ಮಾಡಬೇಡಿ. ಶಿಡ್ಲಘಟ್ಟದ ಆ ಜೀಪಿನಲ್ಲಿ ಕೆಲಸಕ್ಕೆ ಮುಂಚೆ ಮತ್ತು ನಂತರ 6 ಮಿ.ಮೀ. ಎತ್ತರದಲ್ಲಿ ನೋಡಿದಾಗ ಕೆಂಪು ಗೆರೆ ನಾಲ್ಕು ಬೆರಳು ಇಳಿದಿತ್ತು. ಯಜಮಾನರು ಬೆರಳಿಟ್ಟು ಅಳೆದು ಮತ್ತೊಮ್ಮೆ ಹಾಕಿ ತೋರಿಸಲು ಹೇಳಿದರು. ಎರಡನೇ ಸಲವೂ ಅಷ್ಟೇ ಬಂತು.

ಇನ್ನು ಗ್ರೈಂಡಿಂಗ್. ಮುಂದಿನಿಂದ ಎಣಿಸಿದರೆ ವಾಲ್ವ್‌ಗಳ ಸಾಲು ಎಗ್ಸಾಸ್ಟ್, ಇನ್‌ಲೆಟ್, ಇನ್‌ಲೆಟ್, ಎಗ್ಸಾಸ್ಟ್, ಮತ್ತೆ ಅದೇ ಕ್ರಮ. ಸ್ಕ್ರೈಬರಿನಿಂದ ಗುರುತು ಹಾಕಿಕೊಳ್ಳಿ, ಏಕೆಂದರೆ ಎರಡಕ್ಕೂ ಮಾಡುವ ಕೆಲಸ ಬೇರೆ. ಶುರುಮಾಡಬೇಕಾದದ್ದು ಸೀಟಿನ ಕೆಳಗಿನ ಬಟ್ಟಲಿನಿಂದ. ಒಳಗೆ ಬೆರಳು ಹಾಕಿ ಸವರಿದರೆ ಸೀಟು ಮುಗಿದು ಬ್ಲಾಕಿನ ಬೀಡುಕಬ್ಬಿಣ ಶುರುವಾಗುವ ಜಾಗದಲ್ಲಿ ಒಂದು ಮೆಟ್ಟಿಲು ಉಗುರಿಗೆ ತಗಲುತ್ತದೆ. ಕಾರ್ಖಾನೆಯಲ್ಲಿ ಸೀಟು ಕೊರೆದಾಗ ಉಳಿದದ್ದು ಅದು. ಅದರ ಕೆಳಗೆ, ಪೋರ್ಟು ಮೇಲಕ್ಕೆ ತಿರುಗುವ ಒಳಮೂಲೆಯಲ್ಲಿ ಇನ್ನೊಂದು ಚೂಪು ಏಣು ಇರುತ್ತದೆ. ಇಡೀ ಎಂಜಿನ್ನಿನಲ್ಲಿ ಅತಿ ಹೆಚ್ಚು ಲಾಭ ಕೊಡುವ ಜಾಗಗಳು ಇವೆರಡೇ. ಕಾರ್ಬೈಡ್ ಬರ್ ಹಾಕಿದ ಡೈ ಗ್ರೈಂಡರಿನಿಂದ ಮೆಟ್ಟಿಲನ್ನು ಕರಗಿಸಿ, ಒಳಮೂಲೆಯನ್ನು ಹೆಬ್ಬೆರಳಿನ ಗೆಣ್ಣಿನ ಉರುಟಿಗೆ ತನ್ನಿ. ವಾಲ್ವ್ ಕೂರುವ ಮುಖಕ್ಕೆ ಬರ್ ತಾಗದಂತೆ ಹಳೆಯ ವಾಲ್ವ್ ಒಂದನ್ನು ಕೂರಿಸಿಕೊಂಡು ಕೆಳಗಿನಿಂದ ಕೆಲಸ ಮಾಡುವುದು ಕ್ಷೇಮ.

ಎಲ್ಲೂ ಒಂದು, ಹೆಚ್ಚೆಂದರೆ ಒಂದೂವರೆ ಮಿ.ಮೀ.ಗಿಂತ ಆಳಕ್ಕೆ ಇಳಿಯಬೇಡಿ. ಪೋರ್ಟಿನ ಗೋಡೆಯ ಆಚೆಗೆ ನೀರಿನ ಜಾಕೆಟ್ (ಎಂಜಿನ್ ತಣಿಸುವ ನೀರಿನ ದಾರಿ) ಇದೆ. ನಾನು ಮೊದಲು ಕೈಹಾಕಿದ ಬ್ಲಾಕು ನಮ್ಮ ಭಾವನವರ ಜೀಪಿನದು. ಚೆನ್ನಾಗಿ ಬರುತ್ತಿದೆ ಎಂಬ ಹುರುಪಿನಲ್ಲಿ ಪೋರ್ಟಿನ ನೆಲವನ್ನು ಕೊರೆಯುತ್ತಾ ಹೋದೆ. ಗ್ರೈಂಡರಿನ ಗಟ್ಟಿ ದನಿ ಇದ್ದಕ್ಕಿದ್ದಂತೆ ತಗಡು ಬಡಿದ ಹಾಗೆ ತೆಳ್ಳಗಾಯಿತು. ನಿಲ್ಲಿಸುವಷ್ಟರಲ್ಲಿ ಅಕ್ಕಿಕಾಳಿನಷ್ಟು ತೂತಿನಿಂದ ತುಕ್ಕುನೀರು ಹನಿಯಿತು. ಆ ಬ್ಲಾಕು ಮತ್ತೆ ಗಾಡಿಗೆ ಏರಲಿಲ್ಲ. ಭಾವ ಒಂದು ಮಾತೂ ಆಡಲಿಲ್ಲ, ಬೇರೆ ಬ್ಲಾಕು ಹುಡುಕಲು ನನ್ನ ಜೊತೆಯೇ ಬಂದರು. ಆ ದಿನದಿಂದ ಪ್ರತಿ ಐದು ನಿಮಿಷಕ್ಕೊಮ್ಮೆ ಗ್ರೈಂಡರ್ ನಿಲ್ಲಿಸಿ, ಹಿತ್ತಾಳೆ ಕಡ್ಡಿಯಿಂದ ಗೋಡೆಯನ್ನು ತಟ್ಟಿ ಕೇಳುತ್ತೇನೆ. ಹಿಂದೆ ತುಕ್ಕು ತಿಂದ ಜಾಗ ಹೊರಗಿನಿಂದ ಕಾಣುವುದಿಲ್ಲ, ದನಿಯಲ್ಲಿ ಮಾತ್ರ ಸಿಕ್ಕಿಬೀಳುತ್ತದೆ.

ವಾಲ್ವಿನ ಕಾಂಡ ಜಾರುವ ಕೊಳವೆ, ಅಂದರೆ ಗೈಡಿನ ವಿಷಯದಲ್ಲಿ ಇನ್‌ಲೆಟ್‌ದನ್ನು ಪೋರ್ಟಿಗೆ ಚಾಚಿದ ಕಡೆ ಸ್ವಲ್ಪ ಮೊನಚು ಮಾಡಬಹುದು. ಎಗ್ಸಾಸ್ಟ್ ಗೈಡನ್ನು ಮುಟ್ಟಬೇಡಿ. ಕಾದ ವಾಲ್ವಿನ ಬಿಸಿ ಕಾಂಡದಿಂದ ಬ್ಲಾಕಿಗೆ ಇಳಿಯುವುದು ಆ ಗೈಡಿನ ಮೂಲಕವೇ. ಕೊನೆಯಲ್ಲಿ ಇನ್‌ಲೆಟ್ ದಾರಿಯನ್ನು 80 ನಂಬರಿನ ಎಮರಿಯಿಂದ ಉಜ್ಜಿ ಬಿಟ್ಟರೆ ಸಾಕು. ಕನ್ನಡಿಯಂತೆ ಹೊಳೆಸಿದರೆ ಪೆಟ್ರೋಲ್ ಹನಿಗಳು ಗೋಡೆಗೆ ಅಂಟಿ ಜಾರುತ್ತವೆ, ಸ್ವಲ್ಪ ಒರಟಿದ್ದರೆ ಗಾಳಿಯೊಂದಿಗೆ ಮತ್ತೆ ಬೆರೆಯುತ್ತವೆ. ಎಗ್ಸಾಸ್ಟ್ ಕಡೆ ಹೊಳಪು ಒಳ್ಳೆಯದು, ಮಸಿ ಬೇಗ ಕೂರುವುದಿಲ್ಲ.

ಸೀಟನ್ನು ಮೂರು ಕೋನದಲ್ಲಿ ಕತ್ತರಿಸಿ: ವಾಲ್ವ್ ಕೂರುವ ಮುಖ 45 ಡಿಗ್ರಿ, ಅದರ ಮೇಲೆ 30, ಕೆಳಗೆ 60. ಮೂರು ಕೋನ ಸೇರಿದಾಗ ಚೂಪು ಅಂಚಿನ ಬದಲು ಹೆಚ್ಚುಕಡಿಮೆ ದುಂಡು ತಿರುವು ಸಿಗುತ್ತದೆ. ಕೂರುವ ಮುಖದ ಅಗಲ ಇನ್‌ಲೆಟ್‌ಗೆ 1.2ರಿಂದ 1.5 ಮಿ.ಮೀ., ಎಗ್ಸಾಸ್ಟ್‌ಗೆ ಸುಮಾರು 2 ಮಿ.ಮೀ. ಇರಲಿ. ಎಗ್ಸಾಸ್ಟ್ ಸೀಟಿಗೆ ಗಟ್ಟಿ ಉಕ್ಕಿನ ಬಳೆಯನ್ನೇ ಕೂರಿಸಿ. 2000ನೇ ಇಸವಿಯಲ್ಲಿ ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತ ಮೇಲೆ, ಸೀಟಿನ ಮೇಲೆ ಸೀಸದ ಪದರ ಕೂತು ಸವೆತ ತಡೆಯುತ್ತಿದ್ದ ಕಾಲ ಹೋಯಿತು. ಇನ್‌ಲೆಟ್ ವಾಲ್ವಿನ ಬೆನ್ನಿಗೂ ಸೀಟಿನ ಮುಖದ ಹಿಂದೆಯೇ 30 ಡಿಗ್ರಿಯ ಒಂದು ಕಿರು ಕತ್ತರಿಕೆ ಕೊಡಿಸಿ. ವಾಲ್ವ್ ಸ್ವಲ್ಪವೇ ತೆರೆದಿರುವಾಗ ಇದರ ಗುಣ ನೀರಿನ ಗೆರೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವಾಲ್ವಿನ ಅಂಚಿನ ದಪ್ಪ ಒಂದು ಮಿ.ಮೀ.ಗಿಂತ ಕಡಿಮೆಯಾಗಕೂಡದು.

ಬ್ಲಾಕಿನ ಮೇಲ್ಮೈಯಲ್ಲಿ, ವಾಲ್ವಿಗೂ ಬೋರಿಗೂ ನಡುವೆ ಇಳಿಜಾರು ಕೊರೆಯುವುದನ್ನು ರಿಲೀವಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ಫೋರ್ಡ್ ವಿ-8 ಫ್ಲಾಟ್‌ಹೆಡ್ಡುಗಳನ್ನು ಪಂದ್ಯಕ್ಕೆ ಸಿದ್ಧಪಡಿಸುವವರು ಇದನ್ನು ಧಾರಾಳವಾಗಿ ಮಾಡಿದರು. ನಮ್ಮ ಜೀಪಿಗೆ ಪೂರ್ತಿ ರಿಲೀವಿಂಗ್ ಬೇಡವೆಂಬುದು ನನ್ನ ಗಟ್ಟಿ ಅಭಿಪ್ರಾಯ. ಕೊರೆದಷ್ಟೂ ಜಾಗ ಹೆಚ್ಚಿ ಕಂಪ್ರೆಷನ್ ಇಳಿಯುತ್ತದೆ, ಎಂಜಿನ್ ನಿಧಾನವಾಗಿ ತಿರುಗುವಾಗ ಎಳೆಯುವ ಶಕ್ತಿಯೇ ನಮಗೆ ಮುಖ್ಯ. ಬೋರಿನ ಕಡೆಯ ಚೂಪು ಅಂಚನ್ನು ಒಂದೂವರೆ ಮಿ.ಮೀ.ನಷ್ಟು ಉರುಟು ಮಾಡಿದರೆ ಸಾಕು. ಅದಕ್ಕೂ ಎರಡು ಗಡಿಗಳಿವೆ. ಗ್ಯಾಸ್ಕೆಟ್ಟನ್ನು ಬ್ಲಾಕಿನ ಮೇಲಿಟ್ಟು ಅದರ ಒಳ ಅಂಚಿಗೆ ಗೆರೆ ಎಳೆಯಿರಿ, ಆ ಗೆರೆಯ ಆಚೆಗೆ ಹೋಗಬೇಡಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಮೊದಲ ರಿಂಗು ಎಷ್ಟು ಕೆಳಗಿರುತ್ತದೆಂದು ಅಳೆದು, ಅದಕ್ಕಿಂತ ಕನಿಷ್ಠ 3 ಮಿ.ಮೀ. ಮೇಲೆಯೇ ನಿಲ್ಲಿಸಿ.

ಹೆಡ್ಡಿಗೆ ಬಂದರೆ, ಇಲ್ಲಿಯೇ ಹೆಚ್ಚು ಜನ ಎಡವುವುದು. ಕಂಪ್ರೆಷನ್ ಏರಿಸಲು ಹೆಡ್ ಕೆತ್ತಿಸುತ್ತಾರೆ. ಹೆಡ್ಡಿನ ಚಾವಣಿ ಕೆಳಗಿಳಿದರೆ ವಾಲ್ವಿನಿಂದ ಬೋರಿಗೆ ಗಾಳಿ ದಾಟುವ ಕಿಂಡಿಯೂ ಅಷ್ಟೇ ಕುಗ್ಗುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದುಕೊಂಡ ಹಾಗೆ. ಹ್ಯಾರಿ ರಿಕಾರ್ಡೊ ಎಂಬ ಇಂಗ್ಲಿಷ್ ಎಂಜಿನಿಯರ್ 1919ರಲ್ಲೇ ಇದಕ್ಕೆ ದಾರಿ ತೋರಿಸಿದ್ದರು. ಪಿಸ್ಟನ್ನಿನ ಮೇಲೆ ಹೆಚ್ಚು ಭಾಗದಲ್ಲಿ ಹೆಡ್ಡನ್ನು ತೀರಾ ಹತ್ತಿರಕ್ಕೆ ತಂದು, ಉರಿಯುವ ಕೋಣೆಯನ್ನು ವಾಲ್ವ್‌ಗಳ ಮೇಲೆ ಕೂಡಿಸಿದರೆ, ಪಿಸ್ಟನ್ ಮೇಲೇರುವಾಗ ಅಲ್ಲಿನ ಗಾಳಿ ಹಿಂಡಿದಂತೆ ಹೊರನುಗ್ಗಿ ಸುಳಿಯೆಬ್ಬಿಸುತ್ತದೆ, ಪೆಟ್ರೋಲ್ ಬೇಗ ಉರಿಯುತ್ತದೆ, ನಾಕಿಂಗ್ (ಪೆಟ್ರೋಲ್ ತಾನೇ ಸಿಡಿದು ಎಂಜಿನ್ ಬಡಿಯುವುದು) ಕಡಿಮೆಯಾಗುತ್ತದೆ. ಆ ಹತ್ತಿರದ ಭಾಗದಲ್ಲಿ ಅಂತರ 1ರಿಂದ 1.3 ಮಿ.ಮೀ. ಇರುವಂತೆ ನೋಡಿಕೊಳ್ಳಿ. ಪಿಸ್ಟನ್ ಮೇಲೆ ಬೆಸುಗೆಯ ಸೀಸದ ತಂತಿಯಿಟ್ಟು, ಹೊಸ ಗ್ಯಾಸ್ಕೆಟ್ಟಿನೊಂದಿಗೆ ಹೆಡ್ ಬಿಗಿದು, ಕೈಯಿಂದ ಎಂಜಿನ್ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಮೈಕ್ರೊಮೀಟರಿನಲ್ಲಿ ಹಿಡಿದರೆ ಅಂತರ ತಿಳಿಯುತ್ತದೆ. ವಾಲ್ವಿನ ತಲೆಯ ಮೇಲೆ ಮಕ್ಕಳಾಟದ ಜೇಡಿಮಣ್ಣು ಇಟ್ಟು, ಈ ಸಲ ಎರಡು ಸುತ್ತು ತಿರುಗಿಸಿ. ಪೂರ್ತಿ ತೆರೆದ ವಾಲ್ವಿಗೂ ಚಾವಣಿಗೂ ನಡುವೆ ಜಾಗ ಇರಲೇಬೇಕು.

ಎಷ್ಟು ಕೆತ್ತಬೇಕೆಂಬುದನ್ನು ಊಹೆಗೆ ಬಿಡಬೇಡಿ. ಒಂದು ಸಿಲಿಂಡರಿನ ಪಾಲು 550 ಸಿಸಿ. 6.48 ಕಂಪ್ರೆಷನ್ನಿಗೆ ಮೇಲೆ ಉಳಿಯುವ ಜಾಗ ಸುಮಾರು 100 ಸಿಸಿ, 7ಕ್ಕೆ ಏರಿಸಬೇಕಾದರೆ 91.6 ಸಿಸಿ. ಅಂದರೆ ಎಂಟೂವರೆ ಸಿಸಿಯಷ್ಟು ಕಡಿಮೆಯಾಗಬೇಕು. ಹೆಡ್ಡಿನ ಕುಳಿಯ ಗಡಿಯನ್ನು ಗ್ರಾಫ್ ಕಾಗದದ ಮೇಲೆ ಬರೆದು ಚೌಕಗಳನ್ನು ಎಣಿಸಿ. 80 ಚದರ ಸೆಂ.ಮೀ. ಬಂದರೆ ಒಂದು ಮಿ.ಮೀ. ಕೆತ್ತಿದಾಗ 8 ಸಿಸಿ ಹೋಗುತ್ತದೆ. ಬ್ಲಾಕಿನಲ್ಲಿ ಉರುಟು ಮಾಡಿದ ಜಾಗವನ್ನೂ ಸೇರಿಸಿಕೊಳ್ಳಬೇಕು. ಕೆತ್ತಿದ ಮೇಲೆ ಕುಳಿಯ ಮೇಲೆ ಅಕ್ರಿಲಿಕ್ ಹಾಳೆಯಿಟ್ಟು, ಸಿರಿಂಜಿನಿಂದ ಎಣ್ಣೆ ತುಂಬಿ, ನಾಲ್ಕೂ ಕುಳಿಗಳು ಸಮವಾಗಿವೆಯೇ ಎಂದು ನೋಡಿ. 7ಕ್ಕಿಂತ ಮೇಲೆ ನಾನು ಹೋಗುವುದಿಲ್ಲ. ಮೂರೇ ಮೇನ್ ಬೇರಿಂಗ್‌ಗಳ ಮೇಲೆ ನಿಂತ ಕ್ರ್ಯಾಂಕ್ ಅದು. 4000 ಸುತ್ತಿನಲ್ಲೇ ಅದರ ಪಿಸ್ಟನ್ ಸೆಕೆಂಡಿಗೆ ಸರಾಸರಿ 15 ಮೀಟರ್ ಹತ್ತಿರ ಓಡುತ್ತಿರುತ್ತದೆ.

ಕೆತ್ತಿದ ಬೀಡಿನ ಪುಡಿ ಎಂಜಿನ್ನಿಗೆ ವಿಷ. ಬಿಸಿ ಸಾಬೂನು ನೀರು, ಬಾಟಲಿ ತೊಳೆಯುವ ಬ್ರಷ್ಷು, ಮತ್ತೆ ಬಿಸಿ ನೀರು ಎಂದು ಬ್ಲಾಕನ್ನು ತೊಳೆಯುತ್ತಲೇ ಇರಿ. ಹಳೆಯ ಬಿಳಿ ಪಂಚೆಯ ತುಂಡಿನಿಂದ ಬೋರು ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಬರುವವರೆಗೂ ಕೆಲಸ ಮುಗಿದಿಲ್ಲ. ತೊಳೆದ ಕೂಡಲೇ ಎಣ್ಣೆ ಸವರಿ, ಇಲ್ಲವಾದರೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ.

ಜೋಡಿಸುವಾಗ ಮ್ಯಾನಿಫೋಲ್ಡಿನ ಬಾಯಿಯೂ ಗ್ಯಾಸ್ಕೆಟ್ಟಿನ ಬಾಯಿಯೂ ಪೋರ್ಟಿಗೆ ಸರಿಯಾಗಿ ಕೂಡುತ್ತವೆಯೇ ನೋಡಿ. ಎಗ್ಸಾಸ್ಟಿನ ಬಿಸಿಯನ್ನು ಇನ್‌ಲೆಟ್‌ಗೆ ತಗುಲಿಸುವ ತಗಡಿನ ಬಾಗಿಲು ತುಕ್ಕು ಹಿಡಿದು ಅಲ್ಲಾಡದಿದ್ದರೆ ಬಿಡಿಸಿ. ಸದಾ ಬಿಸಿ ಗಾಳಿ ಕುಡಿದರೆ ಮಾಡಿದ ಕೆಲಸದ ಅರ್ಧ ಫಲ ಹೋಗುತ್ತದೆ. ಹೆಡ್ ನಟ್ಟುಗಳನ್ನು ನಡುವಿನಿಂದ ಅಂಚಿಗೆ, ಮೂರು ಸುತ್ತಿನಲ್ಲಿ ಬಿಗಿದು 60ರಿಂದ 65 ಪೌಂಡ್-ಅಡಿಗೆ ತನ್ನಿ. ಗೋ ಡೆವಿಲ್ ಇರುವ ಸಿಜೆ-2ಎ ಮಾದರಿಗೆ ಟ್ಯಾಪೆಟ್ ಗ್ಯಾಪ್ (ವಾಲ್ವಿನ ಕಾಂಡಕ್ಕೂ ಅದನ್ನೆತ್ತುವ ಟ್ಯಾಪೆಟ್ಟಿಗೂ ನಡುವಿನ ಸಂದು), ಎಂಜಿನ್ ತಣ್ಣಗಿರುವಾಗ, 0.016 ಅಂಗುಲ, ಅಂದರೆ 0.40 ಮಿ.ಮೀ. ಪ್ಲಗ್ ವೈರುಗಳು 1-3-4-2 ಕ್ರಮದಲ್ಲಿ.

ಗಾಳಿ ಹೆಚ್ಚಿದ ಮೇಲೆ ಪೆಟ್ರೋಲೂ ಹೆಚ್ಚಬೇಕು. ಈಗ ಬಂಕಿನಲ್ಲಿ ಸಿಗುವುದು 20 ಪಾಲು ಎಥನಾಲ್ ಬೆರೆತ ಪೆಟ್ರೋಲ್. ನಾಕಿಂಗ್ ತಡೆಯಲು ಅದು ಒಳ್ಳೆಯದೇ, ಆದರೆ ಅದೇ ಗಾಳಿಗೆ ಹೆಚ್ಚು ಪೆಟ್ರೋಲ್ ಕೇಳುತ್ತದೆ. ಹಾಗಾಗಿ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದೊಂದೇ ನಂಬರ್ ಮೇಲೇರಿಸಿ, ಒಂದು ಏರು ಹತ್ತಿಸಿ, ಪ್ಲಗ್ ಬಿಚ್ಚಿ ನೋಡಿ. ಬಿಳಿಚಿಕೊಂಡಿದ್ದರೆ ಇನ್ನೂ ಬೇಕು, ಮಸಿಯಾಗಿದ್ದರೆ ಹೆಚ್ಚಾಯಿತು, ತಿಳಿ ಕಂದಾಗಿದ್ದರೆ ಸರಿ. ಪೆಟ್ರೋಲ್ ಪಂಪಿನ ಹಳೆಯ ಡಯಾಫ್ರಮ್ಮನ್ನೂ ರಬ್ಬರ್ ಪೈಪನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿ.

ಪರೀಕ್ಷೆಗೆ ನಮಗೆ ನಂದಿ ಬೆಟ್ಟವೇ ಇದೆ. ವಾರದ ಕೊನೆಯ ಗದ್ದಲ ಬಿಟ್ಟು ಮಂಗಳವಾರವೋ ಬುಧವಾರವೋ ಬೆಳಗ್ಗೆ ಹೋಗಿ. ಶಿಡ್ಲಘಟ್ಟದವರ ಜೀಪು ಮುಂಚೆ ಕಡಿದಾದ ತಿರುವುಗಳಲ್ಲೆಲ್ಲ ಒಂದನೇ ಗೇರು ಕೇಳುತ್ತಿತ್ತು. ಈ ಸಲ ಎರಡನೇ ಗೇರಿನಲ್ಲೇ ತಿರುಗಿ, ಮುಂದಿನ ಏರಿನಲ್ಲಿ ವೇಗವನ್ನೂ ಹಿಡಿಯಿತು. ಯಜಮಾನರು ಸ್ಟಿಯರಿಂಗ್ ಹಿಡಿದವರು ಮೇಲೆ ಮುಟ್ಟುವವರೆಗೆ ಮಾತನಾಡಲಿಲ್ಲ. ಇಳಿದು ಬಾನೆಟ್ಟಿನ ಮೇಲೆ ಅಂಗೈಯಿಟ್ಟು, "ತಾತ ಇರಬೇಕಿತ್ತು" ಎಂದರು.

500 ಕಿ.ಮೀ. ಓಡಿದ ಮೇಲೆ, ಎಂಜಿನ್ ತಣ್ಣಗಿರುವಾಗ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ಟ್ಯಾಪೆಟ್ ಗ್ಯಾಪ್ ನೋಡಬೇಕು. ಹೊಸ ಸೀಟುಗಳು ಅಷ್ಟರಲ್ಲಿ ಸ್ವಲ್ಪ ಕೂತು ಗ್ಯಾಪ್ ಕಡಿಮೆಯಾಗಿರುತ್ತದೆ. ಯಾವ ಪೋರ್ಟಿನಲ್ಲಿ ಎಷ್ಟು ಕೊರೆದಿರಿ, ಹೆಡ್ ಎಷ್ಟು ಕೆತ್ತಿದಿರಿ, ಯಾವ ಜೆಟ್ ಹಾಕಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಸೀಟಿನ ಕೆಳಗಿನ ಟೂಲ್ ಪೆಟ್ಟಿಗೆಯಲ್ಲಿ ಇಟ್ಟುಬಿಡಿ. ಇಪ್ಪತ್ತು ವರ್ಷ ಬಿಟ್ಟು ಆ ಹೆಡ್ ಬಿಚ್ಚುವ ಮೆಕ್ಯಾನಿಕ್ಕಿಗೆ ಒಳಗೆ ಇನ್ನೆಷ್ಟು ಲೋಹ ಉಳಿದಿದೆಯೆಂದು ತಿಳಿಯುವುದು ಆ ಹಾಳೆಯಿಂದಲೇ.